ಟೆನ್ಯೂರ್‌ಗೆ ಮುಂಚೆ ಸೆನೆಟ್‌ಗೆ ನಿಲ್ಲಬಹುದೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಕಡೆಯವಳು. ಊರಲ್ಲಿದ್ದಾಗ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಗಣಿತಕ್ಕೆ ಅತಿಥಿ ಉಪನ್ಯಾಸಕಿ ಆಗಿದ್ದೆ. ಮದುವೆಯಾಗಿ ಕ್ಯಾಲಿಫೋರ್ನಿಯಾಗೆ ಬಂದ ಮೇಲೆ ಬೇ ಏರಿಯಾದ ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಪಾರ್ಟ್‌ಟೈಮ್ ಪಾಠ ಮಾಡಿದೆ. ಈಗ ಒಂದು ಕಡೆ ಫುಲ್‌ಟೈಮ್ ಕೆಲಸ ಸಿಕ್ಕಿದೆ. ಟೆನ್ಯೂರ್ ಟ್ರ್ಯಾಕ್‌ನ (ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ) ಎರಡನೇ ವರ್ಷ. ನಮ್ಮ ವಿಭಾಗದ ಹಿರಿಯರೊಬ್ಬರು ಅಕಾಡೆಮಿಕ್ ಸೆನೆಟ್ (ಅಧ್ಯಾಪಕರ ಪ್ರತಿನಿಧಿ ಸಭೆ) ಚುನಾವಣೆಗೆ ನಿಲ್ಲು ಎಂದು ಒತ್ತಾಯ ಮಾಡುತ್ತಿದ್ದಾರೆ. ಅವರೇ ನನ್ನ ಟೆನ್ಯೂರ್ ಕಮಿಟಿಯಲ್ಲೂ ಇದ್ದಾರೆ. ಇದೇ ಹೊತ್ತಿಗೆ ಡೀನ್ ಕರೆದು, ವಿದ್ಯಾರ್ಥಿಗಳು ಕಡಿಮೆಯಾಗಿರುವ ಎಲೆಕ್ಟ್ರಾನಿಕ್ಸ್ ಪ್ರೋಗ್ರಾಂ ಮುಚ್ಚಬೇಕೇ ಎಂದು ನೋಡಲು ಒಂದು ಟಾಸ್ಕ್ ಫೋರ್ಸ್ ಮಾಡುತ್ತಿದ್ದೇವೆ, ನಿಮಗೆ ಅಂಕಿಅಂಶ ಗೊತ್ತು, ನೀವು ಬನ್ನಿ ಅಂದರು. ಅಲ್ಲಿ ಪಾಠ ಮಾಡುವವರು ಹೆಚ್ಚಿನವರು ಪಾರ್ಟ್‌ಟೈಮ್‌ನವರು. ಇಬ್ಬರು ನನ್ನ ಹಳೆಯ ಗೆಳತಿಯರು. ಟೆನ್ಯೂರ್ ಆಗುವವರೆಗೆ ಸುಮ್ನೆ ಇರು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಸೆನೆಟ್ ಅಂದರೆ ಬರೀ ಮಾತು, ಅಲ್ಲಿ ಏನೂ ಆಗಲ್ಲ ಎಂದು ಒಬ್ಬ ಸಹೋದ್ಯೋಗಿ ಹೇಳಿದರು. ಅದು ಯೂನಿಯನ್ನೇ, ಹೆಸರು ಮಾತ್ರ ಬೇರೆ ಎಂದು ಇನ್ನೊಬ್ಬರು. ನಾನು ಏನು ಮಾಡಲಿ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಸೆನೆಟ್‌ಗೆ ನಿಂತರೆ ಕೆಲಸಕ್ಕೆ ಕುತ್ತು ಬರುತ್ತದಾ ಅನ್ನುವುದು ಒಂದು. ಡೀನ್ ಕರೆದ ಟಾಸ್ಕ್ ಫೋರ್ಸ್‌ಗೆ ಹೋಗಬೇಕಾ ಅನ್ನುವುದು ಇನ್ನೊಂದು. ಗೆಳತಿಯರ ಕ್ಲಾಸು ಹೋಗುವ ವಿಷಯದಲ್ಲಿ ನಿಮ್ಮ ಕೈಲಿ ಏನಾಗುತ್ತದೆ ಅನ್ನುವುದು ಮೂರನೆಯದು. ಪತ್ರದಲ್ಲಿ ನೀವು ನೇರವಾಗಿ ಕೇಳದಿದ್ದರೂ ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಈ ಮೂರನೆಯದೇ ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ವರ್ಷ ಸೆನೆಟ್‌ಗೆ ನಿಲ್ಲಬೇಡಿ, ಕರಿಕ್ಯುಲಮ್ ಕಮಿಟಿಗೆ, ಅಂದರೆ ಪಠ್ಯಕ್ರಮ ಒಪ್ಪುವ ಅಧ್ಯಾಪಕರ ಸಮಿತಿಗೆ, ಹೋಗಿ. ಟಾಸ್ಕ್ ಫೋರ್ಸ್‌ಗೆ ಡೀನ್ ಹತ್ತಿರ ನೇರವಾಗಿ ಒಪ್ಪಿಕೊಳ್ಳಬೇಡಿ, ಆ ಕರೆ ಸೆನೆಟ್ ಕಡೆಯಿಂದ ಬರಬೇಕು. ಗೆಳತಿಯರ ವಿಷಯದಲ್ಲಿ ನಿಮ್ಮ ಕೈಲಿ ಆಗುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇದೆ. ಈ ರಾಜ್ಯದ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಸೆನೆಟ್‌ನಲ್ಲೂ ಟೆನ್ಯೂರ್ ಕಮಿಟಿಗಳಲ್ಲೂ ಕೂತು ಕಂಡದ್ದರ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೊದಲು ಸೆನೆಟ್ ಅಂದರೆ ಏನು ಅನ್ನುವುದು ಗಟ್ಟಿಯಾಗಬೇಕು. ನಮ್ಮ ಊರಿನ ಅನುಭವ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಕರ್ನಾಟಕದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಪದವಿ ಕಾಲೇಜಿಗೆ ಸಿಲಬಸ್ ಮೇಲಿನಿಂದ ಬರುತ್ತದೆ. ಬೋರ್ಡ್ ಆಫ್ ಸ್ಟಡೀಸ್ ಬರೆಯುತ್ತದೆ, ಅಕಾಡೆಮಿಕ್ ಕೌನ್ಸಿಲ್ ಒಪ್ಪುತ್ತದೆ, ಪಾಠ ಮಾಡುವವರು ಮುಗಿಸುತ್ತಾರೆ. ಅತಿಥಿ ಉಪನ್ಯಾಸಕರನ್ನಂತೂ ಯಾರೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ನೀವು ಪಾಠ ಮಾಡುವ ಪ್ರತಿ ಕೋರ್ಸಿನ ಔಟ್‌ಲೈನ್ ನಿಮ್ಮ ಕಾಲೇಜಿನ ಮೇಷ್ಟ್ರುಗಳೇ ಬರೆದದ್ದು, ಅವರದೇ ಕಮಿಟಿ ಒಪ್ಪಿದ್ದು. ಈ ಅಧಿಕಾರ ಸುಮ್ಮನೆ ಬಂದದ್ದಲ್ಲ. ಕ್ಯಾಲಿಫೋರ್ನಿಯಾದ ಮೊದಲ ಜೂನಿಯರ್ ಕಾಲೇಜು (ಕಮ್ಯುನಿಟಿ ಕಾಲೇಜಿಗೆ ಆಗಿದ್ದ ಹೆಸರು) 1910ರಲ್ಲಿ ಫ್ರೆಸ್ನೋದಲ್ಲಿ ಶುರುವಾದದ್ದೇ ಹೈಸ್ಕೂಲಿನ ಮುಂದುವರಿದ ಭಾಗವಾಗಿ. ಅಲ್ಲಿಂದ ಮುಂದೆ ಎಷ್ಟೋ ದಶಕ ಈ ಕಾಲೇಜುಗಳು ಶಾಲೆಗಳ ಕಾನೂನಿನ ಅಡಿಯಲ್ಲೇ ನಡೆದವು. ಮೇಲಿನವರು ಹೇಳಿದ್ದನ್ನು ಮೇಷ್ಟ್ರು ಮಾಡಬೇಕು ಅನ್ನುವ ಅಭ್ಯಾಸವೂ ಅಲ್ಲಿಂದಲೇ ಬಂತು. ಅದನ್ನು ಬದಲಾಯಿಸಿದ್ದು 1988ರಲ್ಲಿ ಗವರ್ನರ್ ಡ್ಯೂಕ್‌ಮೇಜಿಯನ್ ಸಹಿ ಹಾಕಿದ ಎಬಿ (ಅಸೆಂಬ್ಲಿ ಬಿಲ್) 1725 ಅನ್ನುವ ಕಾಯ್ದೆ. ಓದು, ಪಾಠ, ಗುಣಮಟ್ಟದ ವಿಷಯದಲ್ಲಿ ಶಿಫಾರಸು ಮಾಡುವ ಮೊದಲ ಹೊಣೆ ಅಧ್ಯಾಪಕರ ಸೆನೆಟ್‌ನದು ಎಂದು ಅದು ಹೇಳಿತು.

ಆ ಕಾಯ್ದೆಯನ್ನು ಆಧರಿಸಿದ ರಾಜ್ಯದ ಟೈಟಲ್ 5 ನಿಯಮಗಳಲ್ಲಿ, ಕಲಂ 53200ರಲ್ಲಿ, ಹನ್ನೊಂದು ವಿಷಯಗಳ ಪಟ್ಟಿ ಇದೆ. ಕ್ಯಾಂಪಸ್ಸಿನಲ್ಲಿ ಎಲ್ಲರೂ ಇದನ್ನು "ಟೆನ್ ಪ್ಲಸ್ ಒನ್" ಅನ್ನುತ್ತಾರೆ. ಪಠ್ಯಕ್ರಮ, ಪದವಿ ಮತ್ತು ಸರ್ಟಿಫಿಕೇಟ್‌ಗೆ ಬೇಕಾದ ಅರ್ಹತೆ, ಗ್ರೇಡಿಂಗ್ ನೀತಿ, ಹೊಸ ಪ್ರೋಗ್ರಾಂ ಕಟ್ಟುವುದು, ವಿದ್ಯಾರ್ಥಿಗಳ ತಯಾರಿ ಮತ್ತು ಯಶಸ್ಸಿನ ನೀತಿ, ಆಡಳಿತದಲ್ಲಿ ಅಧ್ಯಾಪಕರ ಪಾತ್ರ, ಅಕ್ರೆಡಿಟೇಶನ್‌ನಲ್ಲಿ (ಕಾಲೇಜಿನ ಮಾನ್ಯತೆ) ಅವರ ಪಾತ್ರ, ಅಧ್ಯಾಪಕರ ತರಬೇತಿ, ಪ್ರೋಗ್ರಾಂ ರಿವ್ಯೂ ನಡೆಸುವ ವಿಧಾನ, ಯೋಜನೆ ಮತ್ತು ಬಜೆಟ್ ತಯಾರಿಸುವ ವಿಧಾನ. ಇವು ಹತ್ತು. ಕಾಲೇಜು ನಡೆಸುವ ಡಿಸ್ಟ್ರಿಕ್ಟಿನ ಟ್ರಸ್ಟಿಗಳ ಬೋರ್ಡ್ ಮತ್ತು ಸೆನೆಟ್ ಇಬ್ಬರೂ ಒಪ್ಪಿ ಸೇರಿಸಿಕೊಂಡ ಬೇರೆ ವಿಷಯ ಹನ್ನೊಂದನೆಯದು.

ಈಗ ಆ ಎರಡು ಮಾತುಗಳಿಗೆ ಬರುತ್ತೇನೆ. "ಅಲ್ಲಿ ಏನೂ ಆಗಲ್ಲ" ಅನ್ನುವುದು ಅರ್ಧ ಸತ್ಯವೂ ಅಲ್ಲ. ಈ ಹನ್ನೊಂದರಲ್ಲಿ ಪ್ರತಿಯೊಂದಕ್ಕೂ ನಿಮ್ಮ ಡಿಸ್ಟ್ರಿಕ್ಟಿನ ಬೋರ್ಡ್ ಎರಡು ದಾರಿಯಲ್ಲಿ ಒಂದನ್ನು ಆರಿಸಿಕೊಂಡಿರುತ್ತದೆ. ಒಂದು ದಾರಿಯಲ್ಲಿ ಬೋರ್ಡ್ ಮುಖ್ಯವಾಗಿ ಸೆನೆಟ್ ಹೇಳಿದ್ದನ್ನೇ ನೆಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಶಿಫಾರಸು ಒಪ್ಪಬೇಕು. ತೀರಾ ಅಪರೂಪದ ಸಂದರ್ಭದಲ್ಲಿ, ಬಲವಾದ ಕಾರಣ ಇದ್ದರೆ ಮಾತ್ರ ಒಪ್ಪದೆ ಇರಬಹುದು. ಸೆನೆಟ್ ಕೇಳಿದರೆ ಆ ಕಾರಣವನ್ನು ಬರೆದು ಕೊಡಬೇಕು. ಇನ್ನೊಂದು ದಾರಿಯಲ್ಲಿ ಬೋರ್ಡ್ ಮತ್ತು ಸೆನೆಟ್ ಇಬ್ಬರೂ ಒಪ್ಪಿಗೆಗೆ ಬರಬೇಕು. ಬರದಿದ್ದರೆ ಹಳೆಯ ನೀತಿಯೇ ಮುಂದುವರಿಯುತ್ತದೆ. ಹಳೆಯದನ್ನು ಇಟ್ಟುಕೊಂಡರೆ ಕಾನೂನಿನ ತೊಡಕೋ ದೊಡ್ಡ ಹಣದ ಕಷ್ಟವೋ ಬರುವಂತಿದ್ದರೆ ಮಾತ್ರ ಮಾತು ಬೇರೆ. ನಿಮ್ಮ ಕಾಲೇಜಿನಲ್ಲಿ ಯಾವ ವಿಷಯ ಯಾವ ದಾರಿಗೆ ಸೇರಿದೆ ಅನ್ನುವುದು ಬೋರ್ಡ್ ಪಾಲಿಸಿಯಲ್ಲಿ ಬರೆದಿರುತ್ತದೆ. ಒಂದು ಸಂಜೆ ಕೂತು ಅದನ್ನು ಓದಿ. ಹಿರಿಯ ಸೆನೆಟರ್‌ಗಳಲ್ಲೂ ಎಷ್ಟೋ ಜನ ಓದಿರುವುದಿಲ್ಲ, ಹಾಗಾಗಿಯೇ ಸೆನೆಟ್ ಬರೀ ಮಾತಿನಲ್ಲಿ ಮುಗಿಯುತ್ತದೆ.

ಹಾಗಂತ ಕೊನೆಯ ತೀರ್ಮಾನ ಸೆನೆಟ್‌ನದಲ್ಲ. ಅದು ಜನ ಓಟು ಹಾಕಿ ಆರಿಸಿದ ಟ್ರಸ್ಟಿಗಳದು. ಕಾಲೇಜಿನ ಅಧ್ಯಕ್ಷರ ಮೇಲೆ ಸೆನೆಟ್ ಅವಿಶ್ವಾಸ ನಿರ್ಣಯ ಮಾಡಿದರೂ ಅದಕ್ಕೆ ಕಾನೂನಿನ ಬಲ ಇಲ್ಲ. ಪತ್ರಿಕೆಗಳಲ್ಲಿ ಬರುತ್ತದೆ, ಬೋರ್ಡ್ ಮೇಲೆ ಒತ್ತಡ ಬೀಳುತ್ತದೆ, ಅಷ್ಟೇ.

"ಅದು ಯೂನಿಯನ್ನೇ" ಅನ್ನುವ ಎರಡನೇ ಮಾತು ಪೂರ್ತಿ ತಪ್ಪು, ಆದರೆ ಗೊಂದಲ ಯಾಕೆ ಅನ್ನುವುದು ಅರ್ಥವಾಗುತ್ತದೆ. ಸಂಬಳ, ಕೆಲಸದ ಗಂಟೆ, ವರ್ಕ್‌ಲೋಡ್, ರಜೆ, ದೂರು ಕೊಡುವ ದಾರಿ ಇವೆಲ್ಲ ಯೂನಿಯನ್ನಿನದು. ಅದಕ್ಕೆ 1975ರ ರಾಡಾ ಕಾಯ್ದೆ ಆಧಾರ. ಸೆನೆಟ್ ಸಂಬಳದ ಮಾತು ಆಡುವಂತಿಲ್ಲ, ಯೂನಿಯನ್ ಕೋರ್ಸಿನ ಔಟ್‌ಲೈನ್ ಬರೆಯುವಂತಿಲ್ಲ. ಆದರೆ ಕೆಲವು ವಿಷಯಗಳು ಎರಡು ಕಡೆಗೂ ತಾಕುತ್ತವೆ. ನಿಮ್ಮ ಮೌಲ್ಯಮಾಪನ ಹೇಗೆ ನಡೆಯಬೇಕು ಅನ್ನುವುದನ್ನು ಯೂನಿಯನ್ ಚೌಕಾಸಿ ಮಾಡುತ್ತದೆ, ಆದರೆ ಅದಕ್ಕೆ ಮುಂಚೆ ಸೆನೆಟ್ ಜೊತೆ ಮಾತಾಡಬೇಕು. ಹೊಸಬರನ್ನು ತೆಗೆದುಕೊಳ್ಳುವ ವಿಧಾನವನ್ನು ಆಡಳಿತ ಮತ್ತು ಸೆನೆಟ್ ಸೇರಿ ಒಪ್ಪಬೇಕು. ಪ್ರೋಗ್ರಾಂ ಮುಚ್ಚುವುದು ಇದೇ ಜಾತಿಯದು. ಮುಚ್ಚಬೇಕೋ ಬೇಡವೋ ಎಂದು ಯೋಚಿಸುವ ವಿಧಾನ ಸೆನೆಟ್‌ನ ಕ್ಷೇತ್ರ. ಮುಚ್ಚಿದರೆ ಕೆಲಸ ಹೋಗುವವರ ಪಾಡು ಯೂನಿಯನ್ನಿನ ಕ್ಷೇತ್ರ. ಈ ಗೆರೆ ನೆನಪಿಟ್ಟುಕೊಳ್ಳಿ, ನಿಮ್ಮ ಗೆಳತಿಯರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಡೀನ್ ಕರೆದ ವಿಷಯ. ಹೊಸಬರಿಗೆ ಯಾರೂ ಹೇಳಿಕೊಡದ ಒಂದು ನಿಯಮ ಇಲ್ಲಿದೆ. ಟೈಟಲ್ 5ರ ಕಲಂ 53203ರ ಪ್ರಕಾರ, ಓದು ಮತ್ತು ಪಾಠಕ್ಕೆ ಸಂಬಂಧಪಟ್ಟ ಯಾವುದೇ ಕಮಿಟಿಗೆ, ಟಾಸ್ಕ್ ಫೋರ್ಸ್‌ಗೆ ಅಧ್ಯಾಪಕರನ್ನು ನೇಮಿಸುವುದು ಅಕಾಡೆಮಿಕ್ ಸೆನೆಟ್. ಕಾಲೇಜಿನ ಮುಖ್ಯಸ್ಥರ ಜೊತೆ ಅಥವಾ ಅವರು ಕಳಿಸಿದವರ ಜೊತೆ ಮಾತಾಡಿ ನೇಮಿಸಬೇಕು, ಆದರೆ ನೇಮಿಸುವುದು ಸೆನೆಟ್. ಯೂನಿಯನ್ ಕೂಡ ತನ್ನ ಕಡೆಯಿಂದ ಜನರನ್ನು ಕಳಿಸಲು ಕೇಳಬಹುದು. ಡೀನ್ ತನಗೆ ಬೇಕಾದ ಮೇಷ್ಟ್ರನ್ನು ಕರೆದು ಕೂರಿಸಿಕೊಂಡು ಅದನ್ನು ಅಧ್ಯಾಪಕರ ಅಭಿಪ್ರಾಯ ಅನ್ನುವಂತಿಲ್ಲ.

ನಿಮ್ಮ ಡೀನ್‌ಗೆ ಕೆಟ್ಟ ಉದ್ದೇಶ ಇದೆ ಎಂದು ನಾನು ಹೇಳುತ್ತಿಲ್ಲ. ಬಹಳಷ್ಟು ಸಲ ಡೀನ್‌ಗಳಿಗೂ ಆತುರ ಇರುತ್ತದೆ, ಕೆಲಸ ಮಾಡುವವರು ಯಾರು ಎಂದು ನೋಡಿ ಕರೆಯುತ್ತಾರೆ. ಗಣಿತದವರು, ಹೊಸಬರು, ಬೇಡ ಅನ್ನದವರು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹಿರಿಯರ ಮುಂದೆ ಬೇಡ ಅನ್ನುವುದು ಕಷ್ಟ ಅನ್ನುವುದೂ ನನಗೆ ಗೊತ್ತು. ಆದರೆ ನೀವು ಹಾಗೆ ಹೋಗಿ ಕೂತರೆ ಎರಡು ತೊಂದರೆ ಇದೆ. ಪ್ರೋಗ್ರಾಂ ಮುಚ್ಚಿ ಎಂದು ವರದಿ ಬಂದರೆ, ಅಧ್ಯಾಪಕರೇ ಹೇಳಿದ್ದಾರೆ ಎಂದು ನಿಮ್ಮ ಹೆಸರು ಮುಂದೆ ಬರುತ್ತದೆ. ಮುಚ್ಚಬೇಡಿ ಎಂದು ನೀವು ಹೇಳಿದರೆ, ನಿಮ್ಮ ಮೌಲ್ಯಮಾಪನಕ್ಕೆ ಸಹಿ ಹಾಕುವ ಡೀನ್‌ಗೆ ನೇರ ಎದುರಾಗುತ್ತೀರಿ, ಅದೂ ನಿಮ್ಮ ಬೆನ್ನಿಗೆ ಯಾರೂ ಇಲ್ಲದೆ. ಸೆನೆಟ್ ನೇಮಿಸಿದರೆ ನೀವು ಸೆನೆಟ್ ಪರವಾಗಿ ಮಾತಾಡುತ್ತೀರಿ. ಮಾತು ಅದೇ ಇರಬಹುದು, ನಿಮ್ಮ ನೆಲ ಬೇರೆ.

ಹಾಗಾಗಿ ಡೀನ್‌ಗೆ ಇಮೇಲ್ ಬರೆಯಿರಿ. ಗೌರವದಿಂದ, ಎರಡೇ ಸಾಲು ಸಾಕು. "ನನ್ನನ್ನು ನೆನೆಸಿಕೊಂಡದ್ದಕ್ಕೆ ಧನ್ಯವಾದ. ಇಂಥ ಕಮಿಟಿಗೆ ಅಧ್ಯಾಪಕರ ನೇಮಕ ಸೆನೆಟ್ ಮೂಲಕ ಆಗುತ್ತದೆ ಎಂದು ತಿಳಿದಿದ್ದೇನೆ, ಸೆನೆಟ್ ಅಧ್ಯಕ್ಷರಿಗೂ ಇದರ ಪ್ರತಿ ಕಳಿಸುತ್ತಿದ್ದೇನೆ." ಇದರಲ್ಲಿ ಬೇಡ ಅನ್ನುವ ಮಾತೇ ಇಲ್ಲ. ಒಳ್ಳೆಯ ಡೀನ್ ಆದರೆ ತಕ್ಷಣ ಸರಿ ಅನ್ನುತ್ತಾರೆ. ಸಿಟ್ಟಾದರೆ, ಆ ಟಾಸ್ಕ್ ಫೋರ್ಸ್ ಯಾವ ತರಹದ್ದು ಅನ್ನುವುದು ನಿಮಗೆ ಬೇಗನೇ ಗೊತ್ತಾಗುತ್ತದೆ.

ಇನ್ನು ಟೆನ್ಯೂರ್. ಇಲ್ಲಿ ಅದು ನಾಲ್ಕು ವರ್ಷದ ದಾರಿ. ಮೊದಲ ಕಾಂಟ್ರ್ಯಾಕ್ಟ್ ಒಂದು ವರ್ಷ, ಎರಡನೆಯದು ಒಂದು ವರ್ಷ, ಮೂರನೆಯದು ಎರಡು ವರ್ಷ. ನೀವು ಈಗ ಇರುವುದು ಸೂಕ್ಷ್ಮವಾದ ಜಾಗದಲ್ಲಿ. ಎರಡನೇ ವರ್ಷ ಮುಗಿಯುವ ಮೊದಲು ಬೋರ್ಡ್ ಮೂರರಲ್ಲಿ ಒಂದು ಮಾಡಬೇಕು: ಇನ್ನೆರಡು ವರ್ಷ ಕೊಡಬೇಕು, ಇಲ್ಲ ಈಗಲೇ ಟೆನ್ಯೂರ್ ಕೊಡಬೇಕು, ಇಲ್ಲ ಬೇಡ ಅನ್ನಬೇಕು. ಅದನ್ನು ಮಾರ್ಚ್ 15ರ ಒಳಗೆ ನಿಮಗೆ ಬರೆದು ತಿಳಿಸಬೇಕು. ಈ ಹಂತದಲ್ಲಿ ಬೇಡ ಅಂದರೆ ನೀವು ದೂರು ಕೊಡಬಹುದಾದದ್ದು ಮುಖ್ಯವಾಗಿ ಮೌಲ್ಯಮಾಪನದ ನಿಯಮಗಳನ್ನು ಸರಿಯಾಗಿ ಪಾಲಿಸಿಲ್ಲ ಅನ್ನುವುದರ ಮೇಲೆ. ನಾಲ್ಕನೇ ವರ್ಷದ ಟೆನ್ಯೂರ್ ತೀರ್ಮಾನ ಬಂದಾಗ ಮಾತ್ರ, ಯಾವ ವಿವೇಕಿಗೂ ಇದು ಸರಿ ಕಾಣುವುದಿಲ್ಲ ಅನ್ನುವ ಕಾರಣಕ್ಕೂ ದೂರು ಕೊಡಬಹುದು. ಅಂದರೆ ಎರಡನೇ ವರ್ಷದಲ್ಲಿ ನಿಮ್ಮ ರಕ್ಷಣೆ ಸ್ವಲ್ಪ ತೆಳು. ಈ ವರ್ಷ ಸೆನೆಟ್ ಬೇಡ ಎಂದು ನಾನು ಹೇಳಲು ಇದು ಒಂದು ಕಾರಣ.

ಇನ್ನೊಂದು ಕಾರಣ ಬ್ರೌನ್ ಆಕ್ಟ್, ಅಂದರೆ ಸ್ಥಳೀಯ ಸಂಸ್ಥೆಗಳ ಸಭೆ ಬಹಿರಂಗವಾಗಿ ನಡೆಯಬೇಕು ಅನ್ನುವ ಕಾಯ್ದೆ. 1953ರಿಂದ ಇರುವ ಈ ಕಾಯ್ದೆ ಊರಿನ ಕೌನ್ಸಿಲ್‌ಗೆ ಹೇಗೋ ಹಾಗೆ ಕಮ್ಯುನಿಟಿ ಕಾಲೇಜಿನ ಸೆನೆಟ್‌ಗೂ ಅನ್ವಯಿಸುತ್ತದೆ. ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಬೇಕು. ಅಜೆಂಡಾದಲ್ಲಿ ಇಲ್ಲದ್ದನ್ನು ಚರ್ಚೆ ಮಾಡುವಂತಿಲ್ಲ. ಯಾರು ಬೇಕಾದರೂ ಬಂದು ಕೂರಬಹುದು, ಮಾತಾಡಬಹುದು. ಗುಟ್ಟಿನ ಮತದಾನ ಇಲ್ಲ. 2014ರಿಂದ ಪ್ರತಿ ಸದಸ್ಯರು ಹೇಗೆ ಓಟು ಹಾಕಿದರು ಅನ್ನುವುದನ್ನು, ತಟಸ್ಥವಾಗಿ ಉಳಿದದ್ದನ್ನೂ ಸೇರಿಸಿ, ಹೆಸರು ಸಹಿತ ಬಹಿರಂಗ ಮಾಡಬೇಕು. ಇದು ಒಳ್ಳೆಯ ಕಾನೂನು, ನಾನು ಪೂರ್ತಿ ಇದರ ಪರ. ಆದರೆ ಎರಡನೇ ವರ್ಷದಲ್ಲಿರುವ ನೀವು ಎಲೆಕ್ಟ್ರಾನಿಕ್ಸ್ ವಿಷಯದ ಮೇಲೆ ಕೈ ಎತ್ತಿದರೆ ಅದು ಮಿನಿಟ್ಸ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಇರುತ್ತದೆ. ಅಂಚಿನಲ್ಲಿ ಕೂತು ತಪ್ಪಿಸಿಕೊಳ್ಳುವ ಅವಕಾಶ ಇಲ್ಲ.

ಮಾತಾಡಿದ್ದಕ್ಕೆ ತೊಂದರೆ ಕೊಟ್ಟರೆ ಕಾನೂನು ಕಾಪಾಡುವುದಿಲ್ಲವಾ ಎಂದು ನೀವು ಕೇಳಬಹುದು. ಸ್ವಲ್ಪ ಕಾಪಾಡುತ್ತದೆ. ಸರ್ಕಾರಿ ನೌಕರರು ಕೆಲಸದ ಭಾಗವಾಗಿ ಆಡಿದ ಮಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದು 2006ರಲ್ಲಿ ಗಾರ್ಸೆಟ್ಟಿ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಪಾಠ ಮತ್ತು ಸಂಶೋಧನೆಯ ಮಾತನ್ನು ಬದಿಗಿಟ್ಟಿತು. ಆ ಮೇಲೆ 2014ರಲ್ಲಿ, ಕ್ಯಾಲಿಫೋರ್ನಿಯಾ ಸೇರಿರುವ ಒಂಬತ್ತನೇ ಸರ್ಕ್ಯೂಟ್ ಕೋರ್ಟು ಡೀಮರ್ಸ್ ಕೇಸಿನಲ್ಲಿ, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಪ್ರಾಧ್ಯಾಪಕರೊಬ್ಬರು ತಮ್ಮ ವಿಭಾಗವನ್ನು ಹೇಗೆ ಬೇರೆ ಮಾಡಬೇಕು ಎಂದು ಬರೆದ ಚಿಕ್ಕ ಪುಸ್ತಿಕೆಗೂ ರಕ್ಷಣೆ ಸಿಗಬಹುದು ಎಂದು ಹೇಳಿತು. ವಿಷಯ ನಿಮ್ಮದಕ್ಕೆ ಹತ್ತಿರದ್ದೇ. ಆದರೆ ಇದೆಲ್ಲ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಸಿಗುವ ರಕ್ಷಣೆ. ನಿಮಗೆ ಬೇಕಾದದ್ದು ಮೆಟ್ಟಿಲು ಹತ್ತುವ ಪರಿಸ್ಥಿತಿಯೇ ಬಾರದ ಹಾಗೆ ನಡೆದುಕೊಳ್ಳುವ ದಾರಿ.

ಆದರೆ ನಿಮ್ಮ ಯಜಮಾನರು ಹೇಳಿದ ಹಾಗೆ ಪೂರ್ತಿ ಸುಮ್ಮನಿರುವುದನ್ನೂ ನಾನು ಒಪ್ಪುವುದಿಲ್ಲ. ಅವರ ಕಾಳಜಿ ಸರಿ, ಲೆಕ್ಕ ಸರಿಯಿಲ್ಲ. ಕಾಲೇಜಿನ ಕೆಲಸದಲ್ಲಿ ಭಾಗವಹಿಸಿದ್ದೀರಾ ಅನ್ನುವುದೂ ಸಾಮಾನ್ಯವಾಗಿ ನಿಮ್ಮ ಮೌಲ್ಯಮಾಪನದ ಒಂದು ಭಾಗ. ನಾಲ್ಕು ವರ್ಷ ಯಾವ ಕಮಿಟಿಯಲ್ಲೂ ಇಲ್ಲದವರ ಫೈಲು ತೆಳ್ಳಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ವಿಷಯ, ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡವರು ಐದನೇ ವರ್ಷ ತೆರೆಯುವುದನ್ನು ನಾನು ಕಂಡದ್ದು ಕಡಿಮೆ.

ಕರಿಕ್ಯುಲಮ್ ಕಮಿಟಿ ಅದಕ್ಕೇ ಒಳ್ಳೆಯ ಜಾಗ. ಕೆಲಸ ಜಾಸ್ತಿ, ಹೆಸರು ಕಡಿಮೆ. ಪ್ರತಿ ಸಭೆಗೆ ಮುಂಚೆ ಔಟ್‌ಲೈನ್‌ಗಳ ರಾಶಿ ಓದಬೇಕು. ಯೂನಿಟ್ಟಿಗೆ ಎಷ್ಟು ಗಂಟೆ, ಪ್ರಿರೆಕ್ವಿಸಿಟ್‌ಗೆ (ಮೊದಲೇ ಮುಗಿಸಿರಬೇಕಾದ ಕೋರ್ಸು) ಆಧಾರ ಏನು, ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುತ್ತದಾ, ಹೀಗೆ. ಆದರೆ ಬೇರೆ ಬೇರೆ ವಿಭಾಗದವರು ಏನು ಪಾಠ ಮಾಡುತ್ತಾರೆ, ಯಾರು ಹೇಗೆ ವಾದ ಮಾಡುತ್ತಾರೆ, ಯಾವ ಡೀನ್ ಯಾವ ಮಾತಿಗೆ ಒಪ್ಪುತ್ತಾರೆ ಅನ್ನುವುದು ಅಲ್ಲಿ ತಿಳಿದಷ್ಟು ಸೆನೆಟ್‌ನಲ್ಲೂ ತಿಳಿಯುವುದಿಲ್ಲ. ಗಣಿತದವರಿಗೆ ಅಲ್ಲಿ ಈಗ ನಿಜವಾದ ಕೆಲಸವೂ ಇದೆ. 2017ರ ಎಬಿ 705, 2022ರ ಎಬಿ 1705 ಕಾಯ್ದೆಗಳು ಬಂದ ಮೇಲೆ ಹೊಸ ವಿದ್ಯಾರ್ಥಿಯನ್ನು ಯಾವ ಗಣಿತದ ಕೋರ್ಸಿಗೆ ಹಾಕಬೇಕು ಅನ್ನುವುದೇ ಎಲ್ಲ ಕಾಲೇಜಿನಲ್ಲೂ ದೊಡ್ಡ ಚರ್ಚೆ. ನೀವು ಪಾರ್ಟ್‌ಟೈಮ್ ಆಗಿ ಎರಡು ಕಡೆ ಪಾಠ ಮಾಡಿದವರು. ಆ ಅನುಭವ ಅಲ್ಲಿ ಬೇಕು.

ನಿಮ್ಮನ್ನು ನಿಲ್ಲು ಅನ್ನುತ್ತಿರುವ ಹಿರಿಯರಿಗೆ ಏನು ಹೇಳುವುದು? ಅವರು ಟೆನ್ಯೂರ್ ಕಮಿಟಿಯಲ್ಲಿ ಇರುವುದರಿಂದ ಅವರ ಒತ್ತಾಯಕ್ಕೆ ಬೇರೆ ತೂಕ ಬರುತ್ತದೆ. ಅದು ಅವರಿಗೆ ಹೊಳೆದಿಲ್ಲದೆಯೂ ಇರಬಹುದು. "ಮಾರ್ಚ್ ಕಳೆಯಲಿ ಸರ್, ಈ ವರ್ಷ ಕರಿಕ್ಯುಲಮ್ ಕಮಿಟಿಯಲ್ಲಿ ಕಲಿಯುತ್ತೇನೆ" ಎಂದು ಹೇಳಿ. ಬೇಜಾರು ಮಾಡಿಕೊಂಡರೆ ಸೆನೆಟ್ ಅಧ್ಯಕ್ಷರ ಹತ್ತಿರ ಒಮ್ಮೆ ಮಾತಾಡಿ. ಮೂರನೇ ಕಾಂಟ್ರ್ಯಾಕ್ಟ್ ಕೈಗೆ ಬಂದ ಮೇಲೆ, ಅಂದರೆ ಮೂರನೇ ವರ್ಷದಲ್ಲಿ, ಧಾರಾಳವಾಗಿ ಸೆನೆಟ್‌ಗೆ ನಿಲ್ಲಿ. ಆಗಲೂ ಅಪಾಯ ಇಲ್ಲವೆಂದಲ್ಲ, ಆದರೆ ಎರಡು ವರ್ಷದ ನೆಲ ಕಾಲ ಕೆಳಗಿರುತ್ತದೆ. ಈಗಲೇ ನಿಲ್ಲುತ್ತೇನೆ ಎಂದು ನೀವು ತೀರ್ಮಾನಿಸಿದರೆ ನಾನು ತಡೆಯುವುದಿಲ್ಲ. ಆದರೆ ನಿಮ್ಮ ಪಾಠದ ವೀಕ್ಷಣೆ, ವಿದ್ಯಾರ್ಥಿಗಳ ಅಭಿಪ್ರಾಯ, ಕಮಿಟಿಯ ವರದಿ ಎಲ್ಲದರ ಪ್ರತಿ ನಿಮ್ಮ ಬಳಿ ಇರಲಿ, ಯೂನಿಯನ್ ಪ್ರತಿನಿಧಿಯ ಪರಿಚಯ ಇರಲಿ.

ಎಲೆಕ್ಟ್ರಾನಿಕ್ಸ್ ಪ್ರೋಗ್ರಾಂ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಕಡಿಮೆ ಎಂದ ತಕ್ಷಣ ಮುಚ್ಚಲೇಬೇಕು ಅನ್ನುವುದು ಇನ್ನೊಂದು ತಪ್ಪು ತಿಳುವಳಿಕೆ. ಪ್ರತಿ ಡಿಸ್ಟ್ರಿಕ್ಟಿಗೂ ಪ್ರೋಗ್ರಾಂ ಮುಚ್ಚುವ ಬಗ್ಗೆ ಬರೆದಿಟ್ಟ ನೀತಿ ಇರಲೇಬೇಕು ಎಂದು ಟೈಟಲ್ 5 ಹೇಳುತ್ತದೆ. ಮೊದಲು ಕೇಳಬೇಕಾದದ್ದು ಅದನ್ನು. ಆ ನೀತಿ ಎಲ್ಲಿದೆ, ಈ ಟಾಸ್ಕ್ ಫೋರ್ಸ್ ಅದರ ಪ್ರಕಾರ ಆಗಿದೆಯಾ? ಎಷ್ಟೋ ಸಲ ನೀತಿ ಒಂದು ಕಡೆ, ಟಾಸ್ಕ್ ಫೋರ್ಸ್ ಇನ್ನೊಂದು ಕಡೆ ಇರುತ್ತದೆ.

ಎಲೆಕ್ಟ್ರಾನಿಕ್ಸ್ ಉದ್ಯೋಗ ತರಬೇತಿಯ ಪ್ರೋಗ್ರಾಂ. ಅದಕ್ಕೆ ಕಾನೂನೇ ಅಳತೆಗೋಲು ಕೊಟ್ಟಿದೆ. ಇಂಥ ಪ್ರೋಗ್ರಾಂಗಳನ್ನು ಬೋರ್ಡ್ ಎರಡು ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ನೋಡಬೇಕಾದ ಮೂರು ವಿಷಯ: ಆ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಬೇಡಿಕೆ ಇದೆ ಅನ್ನುವುದಕ್ಕೆ ದಾಖಲೆ ಇದೆಯಾ, ಹತ್ತಿರದ ಬೇರೆ ಕಾಲೇಜಿನಲ್ಲಿ ಇದೇ ಪಾಠ ಅನಗತ್ಯವಾಗಿ ಎರಡೆರಡು ಸಲ ನಡೆಯುತ್ತಿದೆಯಾ, ಸೇರಿದವರು ಕೋರ್ಸ್ ಮುಗಿಸುತ್ತಿದ್ದಾರಾ, ಕೆಲಸ ಸಿಕ್ಕಿದೆಯಾ. ಇದರಲ್ಲಿ ಸೋತರೆ ಮುಚ್ಚಲೇಬೇಕು, ಅದೂ ಒಂದು ವರ್ಷದೊಳಗೆ. ಕ್ಲಾಸಿನಲ್ಲಿ ಎಷ್ಟು ತಲೆ ಇವೆ ಅನ್ನುವ ಲೆಕ್ಕ ಈ ಮೂರರಲ್ಲಿ ಇಲ್ಲ, ನೋಡಿ. ಬೇ ಏರಿಯಾದಲ್ಲಿ ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್‌ಗಳಿಗೆ ಬೇಡಿಕೆ ಇಲ್ಲ ಎಂದು ಯಾರಾದರೂ ಹೇಳಿದರೆ ಅದಕ್ಕೆ ಕಾಗದ ತೋರಿಸಲಿ. ಬೇಡಿಕೆ ಇದ್ದೂ ವಿದ್ಯಾರ್ಥಿಗಳು ಬರುತ್ತಿಲ್ಲ ಅಂದರೆ ಕಾರಣ ಬೇರೆ. ಹಗಲು ದುಡಿಯುವವರಿಗೆ ಸಂಜೆ ಕ್ಲಾಸು ಇಟ್ಟಿದ್ದರಾ? ಮುಂದಿನ ಹಂತದ ಕೋರ್ಸನ್ನು ಪ್ರತಿ ಸಲ ಕೊನೆಯ ವಾರದಲ್ಲಿ ರದ್ದು ಮಾಡಿ ವಿದ್ಯಾರ್ಥಿಗಳನ್ನು ಓಡಿಸಿದ್ದಾರಾ? ಫುಲ್‌ಟೈಮ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗ ತುಂಬದೆ ಬಿಟ್ಟರಾ? ನಾನು ಕಂಡ ಹಾಗೆ ಈ ಮೂರನೆಯದೇ ಬಹಳ ಪ್ರೋಗ್ರಾಂಗಳನ್ನು ಸಾಯಿಸುತ್ತದೆ. ಪ್ರೋಗ್ರಾಂ ರಿವ್ಯೂ ಬರೆಯಲು, ಕೈಗಾರಿಕೆಯವರ ಸಲಹಾ ಸಮಿತಿ ಕರೆಯಲು, ಔಟ್‌ಲೈನ್ ಹೊಸದು ಮಾಡಲು ಪಾರ್ಟ್‌ಟೈಮ್‌ನವರಿಗೆ ಹೆಚ್ಚಿನ ಕಡೆ ಸಂಬಳ ಇಲ್ಲ. ಕೆಲಸ ನಿಲ್ಲುತ್ತದೆ, ಆಮೇಲೆ ಪ್ರೋಗ್ರಾಂ ಹಳೆಯದಾಗಿದೆ ಅನ್ನುತ್ತಾರೆ.

ದುಡ್ಡಿನ ಪ್ರಶ್ನೆಯನ್ನೂ ಕೇಳಲೇಬೇಕು. 2018ರಿಂದ ರಾಜ್ಯದ ಅನುದಾನದ ಸೂತ್ರದಲ್ಲಿ ಸುಮಾರು ಶೇಕಡಾ 70 ಭಾಗ ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ, 20 ಭಾಗ ಬಡ ವಿದ್ಯಾರ್ಥಿಗಳ ನೆರವಿನ ಲೆಕ್ಕದ ಮೇಲೆ, 10 ಭಾಗ ಅವರ ಯಶಸ್ಸಿನ ಮೇಲೆ ನಿಂತಿದೆ. ಹಾಗಾಗಿ ಸಂಖ್ಯೆ ಬಿದ್ದರೆ ಆಡಳಿತಕ್ಕೆ ನಡುಕ ಬರುವುದು ಸಹಜ. ಆದರೆ ಬೇ ಏರಿಯಾದಲ್ಲಿ ಸ್ಯಾನ್ ಮಟೇಯೊ, ಮರಿನ್ ಮುಂತಾದ ಕೆಲವು ಡಿಸ್ಟ್ರಿಕ್ಟ್‌ಗಳಿಗೆ ಸ್ಥಳೀಯ ಆಸ್ತಿ ತೆರಿಗೆಯೇ ರಾಜ್ಯದ ಸೂತ್ರಕ್ಕಿಂತ ಜಾಸ್ತಿ ಬರುತ್ತದೆ. ಅವನ್ನು ಬೇಸಿಕ್ ಏಡ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಅಲ್ಲಿ ಒಂದು ಕ್ಲಾಸಿನಲ್ಲಿ ಹತ್ತು ಜನ ಕಡಿಮೆಯಾದರೆ ಕಾಲೇಜಿನ ಆದಾಯ ಕಡಿಮೆಯಾಗುವುದಿಲ್ಲ. ನಿಮ್ಮದು ಯಾವ ತರಹದ ಡಿಸ್ಟ್ರಿಕ್ಟ್ ಎಂದು ತಿಳಿದುಕೊಳ್ಳಿ. ವಾದದ ಅರ್ಧ ಅದರ ಮೇಲೆ ನಿಂತಿದೆ.

ಆಡಳಿತ ಮತ್ತು ಅಧ್ಯಾಪಕರು ಯಾರ ಕೆಲಸ ಏನು ಎಂದು ಗೆರೆ ಎಳೆಯದೆ ಎಳೆದಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋ ನಮ್ಮ ಕಣ್ಣ ಮುಂದೆಯೇ ಇದೆ. 2012ರಲ್ಲಿ ಅಕ್ರೆಡಿಟೇಶನ್ ಆಯೋಗ ಹಣಕಾಸು ಮತ್ತು ಆಡಳಿತದ ದೋಷ ತೋರಿಸಿ, ಮಾನ್ಯತೆ ಯಾಕೆ ತೆಗೆಯಬಾರದು ಎಂದು ಕಾರಣ ಕೇಳಿತು. 2013ರಲ್ಲಿ ಮಾನ್ಯತೆ ತೆಗೆಯುವುದಾಗಿ ಹೇಳಿತು. ಜನ ಆರಿಸಿದ ಟ್ರಸ್ಟಿಗಳ ಅಧಿಕಾರವನ್ನು ಒಬ್ಬ ವಿಶೇಷ ಟ್ರಸ್ಟಿಗೆ ಕೊಟ್ಟರು. ಸಾವಿರಾರು ವಿದ್ಯಾರ್ಥಿಗಳು ಬಿಟ್ಟು ಹೋದರು. 2014ರಲ್ಲಿ ಕೋರ್ಟು ತಡೆ ಕೊಟ್ಟಿತು, 2015ರಲ್ಲಿ ಆಯೋಗವೂ ಕಾನೂನು ಮುರಿದಿದೆ ಎಂದು ತೀರ್ಪು ಬಂತು. 2017ರ ಜನವರಿಯಲ್ಲಿ ಏಳು ವರ್ಷದ ಮಾನ್ಯತೆ ಮತ್ತೆ ಸಿಕ್ಕಿತು. ಕೊನೆಗೆ ಯಾರು ಸರಿ ಎಂಬ ಜಗಳದಲ್ಲಿ ಬಹಳ ಕಳೆದುಕೊಂಡವರು ವಿದ್ಯಾರ್ಥಿಗಳು.

ಅದಕ್ಕೇ ಪ್ರೋಗ್ರಾಂ ಮುಚ್ಚುವುದೇ ಸರಿ ಎಂದು ನಿಯಮದ ಪ್ರಕಾರ ತೀರ್ಮಾನ ಆದರೂ, ಈಗಾಗಲೇ ಸೇರಿದವರು ಮುಗಿಸುವ ದಾರಿ ಬೇಕು. ಅಕ್ರೆಡಿಟೇಶನ್ ಆಯೋಗವೂ ಅದನ್ನು ಕೇಳುತ್ತದೆ. ಯಾವ ಕೋರ್ಸು ಯಾವ ಸೆಮಿಸ್ಟರ್‌ವರೆಗೆ ನಡೆಯುತ್ತದೆ ಎಂದು ಬರವಣಿಗೆಯಲ್ಲಿ ಇರಬೇಕು. ಇದನ್ನು ಸೆನೆಟ್ ಪಟ್ಟು ಹಿಡಿದು ಕೇಳಬಹುದು. ಅಷ್ಟು ಸೆಮಿಸ್ಟರ್ ಯಾರೋ ಪಾಠ ಮಾಡಲೇಬೇಕಲ್ವಾ? ನಿಮ್ಮ ಗೆಳತಿಯರಿಗೂ ಅಷ್ಟು ಸಮಯ ಸಿಗುತ್ತದೆ.

ಈ ಪ್ರಶ್ನೆಗಳನ್ನೆಲ್ಲ ನೀವೇ ನಿಂತು ಕೇಳಬೇಕಾಗಿಲ್ಲ. ಬರೆದು ನಿಮ್ಮ ವಿಭಾಗದ ಈಗಿನ ಸೆನೆಟರ್ ಕೈಗೆ ಕೊಡಿ. ಅಂಕಿಅಂಶ ನಿಮಗೆ ಬರುತ್ತದೆ, ಟೆನ್ಯೂರ್ ಅವರಿಗಿದೆ. ನಿಮ್ಮ ಗೆಳತಿಯರು ಸೆನೆಟ್ ಸಭೆಗೆ ಬಂದು ಸಾರ್ವಜನಿಕರ ಸಮಯದಲ್ಲಿ ಮಾತಾಡಬಹುದು, ಯಾರೂ ತಡೆಯುವಂತಿಲ್ಲ. ಪಾರ್ಟ್‌ಟೈಮ್‌ನವರಿಗೆ ಸೆನೆಟ್‌ನಲ್ಲಿ ಸೀಟು ಇದೆಯಾ ಅನ್ನುವುದು ನಿಮ್ಮ ಸೆನೆಟ್‌ನ ಸಂವಿಧಾನದ ಮೇಲಿದೆ. ಈ ಕಾಲೇಜುಗಳ ಮೇಷ್ಟ್ರುಗಳಲ್ಲಿ ತಲೆ ಎಣಿಸಿದರೆ ಅರ್ಧಕ್ಕಿಂತ ಜಾಸ್ತಿ ಅವರೇ. ಅವರಿಗೆ ಸೀಟು ಇಲ್ಲದ ಸೆನೆಟ್ ಅಧ್ಯಾಪಕರ ಪರವಾಗಿ ಮಾತಾಡುತ್ತದೆ ಎಂದು ನಾನು ಒಪ್ಪಲಾರೆ. ನೀವು ಮುಂದೆ ಸೆನೆಟ್‌ಗೆ ಹೋದಾಗ ಮೊದಲು ಕೈ ಹಾಕಬೇಕಾದ ಕೆಲಸ ಅದು.

ಕೆಲಸದ ವಿಷಯಕ್ಕೆ ಗೆಳತಿಯರು ಯೂನಿಯನ್ ಹತ್ತಿರ ಈಗಲೇ ಹೋಗಲಿ. ಪಾರ್ಟ್‌ಟೈಮ್‌ನವರನ್ನು ಮತ್ತೆ ಕರೆಯುವಾಗ ಯಾರಿಗೆ ಆದ್ಯತೆ ಅನ್ನುವ ನಿಯಮ ಮಾತುಕತೆಯಲ್ಲಿ ಆಗಿರಬೇಕು ಎಂದು 2016ರಲ್ಲಿ ಕಾಯ್ದೆ ಆಯಿತು. ಕಾಂಟ್ರ್ಯಾಕ್ಟ್‌ನಲ್ಲಿ ಆ ಪುಟ ಹುಡುಕಿ, ತಮ್ಮ ಹೆಸರು ಪಟ್ಟಿಯಲ್ಲಿ ಎಲ್ಲಿದೆ ಎಂದು ನೋಡಲಿ. ಅವರ ವಿದ್ಯಾರ್ಹತೆಗೆ ಬೇರೆ ಡಿಸಿಪ್ಲಿನ್‌ನಲ್ಲಿ, ಉದಾಹರಣೆಗೆ ಭೌತಶಾಸ್ತ್ರದಲ್ಲೋ ಎಂಜಿನಿಯರಿಂಗ್‌ನಲ್ಲೋ, ಪಾಠ ಮಾಡುವ ಅವಕಾಶ ಇದೆಯಾ ಎಂದು ಎಚ್‌ಆರ್‌ಗೆ ಬರೆದು ಕೇಳಲಿ. ಒಂದು ಡಿಸ್ಟ್ರಿಕ್ಟಿನಲ್ಲಿ ಫುಲ್‌ಟೈಮ್ ಹೊರೆಯ ಶೇಕಡಾ 67ಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಆದರೆ ಆ ಮಿತಿಯನ್ನು ಪ್ರತಿ ಡಿಸ್ಟ್ರಿಕ್ಟಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ, ಅದಕ್ಕೇ ಪಕ್ಕದ ಡಿಸ್ಟ್ರಿಕ್ಟಿನ ಪಾರ್ಟ್‌ಟೈಮ್ ಪಟ್ಟಿಗೂ ಅರ್ಜಿ ಹಾಕಿಡಲಿ. ಸೆಮಿಸ್ಟರ್‌ಗಳ ನಡುವೆ ಕೆಲಸ ಇಲ್ಲದಾಗ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕುವ ದಾರಿಯೂ ಇದೆ. ವಿದ್ಯಾರ್ಥಿಗಳು ಸೇರಿದರೆ ಮಾತ್ರ ಕ್ಲಾಸು ಅನ್ನುವ ಷರತ್ತಿನ ಕೆಲಸವನ್ನು ಖಾತರಿಯ ಕೆಲಸ ಎಂದು ಲೆಕ್ಕ ಹಾಕುವಂತಿಲ್ಲ ಎಂದು 1989ರ ಸರ್ವಿಸಿ ತೀರ್ಪು ಹೇಳಿದೆ. ಅರ್ಜಿಯಲ್ಲಿ ಮುಂದಿನ ಸೆಮಿಸ್ಟರಿಗೆ ಕೆಲಸದ ಭರವಸೆ ಇದೆಯಾ ಎಂಬ ಪ್ರಶ್ನೆ ಬರುತ್ತದೆ. ಬಹಳ ಜನ ಹೌದು ಎಂದು ಬರೆದು ಭತ್ಯೆ ಕಳೆದುಕೊಳ್ಳುತ್ತಾರೆ. ಆಫರ್ ಪತ್ರದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಮತ್ತು ಅನುದಾನದ ಷರತ್ತು ಇದ್ದರೆ ಅದನ್ನು ಹಾಗೆಯೇ ಬರೆಯಬೇಕು, ಪತ್ರದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಹಾಕಲು ಯೂನಿಯನ್‌ನವರು ಸಹಾಯ ಮಾಡುತ್ತಾರೆ.